ಆಗಾಗ ತರಲಾಗುವ ಕತ್ತಿ

…ಅಷ್ಟು ದೊಡ್ಡ ತಪ್ಪೇನೂ ಆಗಿಲ್ಲೋ ನೀಲಪ್ಪ, ಕೇಳಿಲ್ಲೆ. ಒಂದು ಮಾತು… ಒಂದ ಒಂದು ಮಾತು ಆಕಡಿ ಈಕಡಿ ಆಗೇತಿ. ಅದನ್ನ ಸರಿ ಮಾಡಾಕಂತನ ನಾ ಬಂದೀನಿ. ಮೊದಲ ರೊಟ್ಟಿ ತಿನ್ನು. ನಮ್ಮವ್ವ ಬಾಳವ್ವ ಬಡದು ಕಳಿಸ್ಯಾಳ ಜಕ್ಕಲಿಯಿಂದ. ಪುಂಡಿಪಲ್ಲೆ ಐತಿ ಒಳಗ. ನಿನಗ ಸೇರತೈತಿ ಅಂತ ಆಕಿಗಿ ಗೊತ್ತು. ತಿನ್ನೋ.

ಬ್ಯಾಡಾ? ಇರಲಿ ಬಿಡು. ಇಲ್ಲೆ ಇಡ್ತೀನಿ. ಹಸಿವಾದಾಗ ತಿನ್ನುವಂತಿ.

ಕಾಶೀಂಸಾಬಗ ಕೈ ಮುಗದು ಒಳಗ ಬಂದೀನಿ. ಬಾಗಲಾಗ ಬಂದೂಕ ಹಿಡದು ನಿಂತಾನಲ್ಲ, ಅವ. ಒಳ್ಳೆ ಮನಷ್ಯಾ, ಪಾಪ. "ಲಗೂ ಮುಗಸ್ರಿ ಅಂದಾನೆಪ್ಪಾರ, ಸಾಹೇಬರು ಊಟಾ ಮಾಡಿ ಮಲಗ್ಯಾರ, ಎದ್ರಂದ್ರ ಕರಸ್ತಾರ" ಅಂದ. ಇವತ್ತ ತೀರ್ಮಾನ ಐತಿ ನಿಂದು. ಅದಕ್ಕ, ಅವರು ಏಳೂದರಾಗ ನಿನಗ ಒಂದು ಮಾತು ಬಾಯಿಪಾಠ ಮಾಡಸಬೇಕು ನಾನು. "ವರ್ಷಕ್ಕೊಮ್ಮೆ." ಅಷ್ಟ! "ಮಾನೌಮಿ ಹಬ್ಬದಾಗ, ವರ್ಷಕ್ಕೊಮ್ಮೆ, ಪೂಜಿಗಿ ಅಂತ ಊರ ಜನ ಕತ್ತಿ ತಂದು ನನ್ನ ಕುಲುಮ್ಯಾಗ ಇಡ್ತಾರ್ರಿ" ಅನ್ನು. ಇಷ್ಟು ಅಂದಿ ಅಂದ್ರ ಮುಂದಿಂದು ನಾ ನೋಡ್ಕೊತೀನಿ. ಅನ್ನು ನೋಡೋಣು ಒಮ್ಮೆ. ಇಲ್ಲೆ, ನನ್ನ ಮುಂದ.

ಅನ್ನೋ.

ಸಿಟ್ಟು ಬಂದೈತಿ ನಿನಗ. ಬರಲಿ, ಬರಬೇಕಾದ್ದ. ಆದ್ರ ಸಿಟ್ಟು ಮಾಡ್ಕೊಳ್ಳಾಕ ಇದು ವ್ಯಾಳ್ಯಾ ಅಲ್ಲ, ನೀಲಪ್ಪ. ನಿನ್ನೆ ಡೇರೇದಾಗ ಏನಾತು ಅಂತ ನಿನಗ ತಿಳಿದಿಲ್ಲ. ನೀ ನಿಂತಿದ್ದಿ, ನಿನ್ನ ಮಾತನ್ನ ನಾ ಸಾಹೇಬರಿಗಿ ಇಂಗ್ಲೀಷನ್ಯಾಗ ತಿರುವಿ ಹೇಳಿದ್ನಿ, ಅವರು ಬರಕೊಂಡ್ರು. ನಿನಗ ಕೇಳಿಸಿದ್ದು ಬರೇ ಗುಸುಗುಸು. ನಾ ಹೇಳ್ತೀನಿ ಕೇಳು, ಏನಾತು ಅಂತ.

ನಮ್ಮ ಮಾತಿನ್ಯಾಗ "ಜನ ಕತ್ತಿ ತರ್ತಾರ್ರಿ" ಅಂದ್ರ ಮುಗೀತು, ಹೌದಿಲ್ಲೊ? ದಿನಾ ತರ್ತಾರೋ, ಹಬ್ಬಕ್ಕ ತರ್ತಾರೋ, ಜಲ್ಮಕ್ಕೊಮ್ಮೆ ತರ್ತಾರೋ… ಯಾರೂ ಕೇಳೂದಿಲ್ಲ. ಕೇಳವಂಗೂ ಗೊತ್ತಿರತೈತಿ, ಹೇಳವಂಗೂ ಗೊತ್ತಿರತೈತಿ. ಆದ್ರ ಈ ಸಾಹೇಬ ಹಂಗ ಬಿಡವ ಅಲ್ಲಪಾ! ಬೆರಳ ಎತ್ತತಾನ. ಯಾವಾಗಲೂ ತರ್ತಾರೋ? ಆಗಾಗ ತರ್ತಾರೋ? ಅಪರೂಪಕ್ಕ ತರ್ತಾರೋ? ಅದಕ್ಕೆಲ್ಲಾ ಅವರಲ್ಲಿ ಬ್ಯಾರೆ ಬ್ಯಾರೆ ಮಾತು ಅದಾವು. ಆಲ್ವೇಜ್, ಆಫನ್, ಸೆಲ್ಡಮ್, ನೆವರ್. ಧಾರವಾಡದ ಸಾಲ್ಯಾಗ ಇವನ್ನ ಕಲಿಯಾಕ ಎಷ್ಟು ಛಡಿ ತಿಂದೀನಿ, ನನಗ ಗೊತ್ತು. ಮಾತು ಗೊತ್ತಿದ್ರ ಸಾಲದು, ಎಲ್ಲಿ ಇಡಬೇಕು ಅನ್ನೂದು ಗೊತ್ತಿರಬೇಕು. ನಡುವ ಕುಂಡ್ರಸಬೇಕು ಅದನ್ನ, ತಗಡಿನ ಬೆಸಿಗ್ಯಾಗ ಮೊಳಿ ಬಡದಂಗ. "ಸೋರ್ಡ್ಸ್ ವಿಚ್ ಆರ್ ಆಫನ್ ಬ್ರಾಟ್"… ಆಗಾಗ ತರಲಾಗುವ ಕತ್ತಿಗಳು! ಸಾಹೇಬರು ಅದನ್ನ ಕೇಳಿ ಗೋಣ ಹಾಕಿದ್ರು, ನೋಡು. "ಚಲೋ ಇಂಗ್ಲೀಷ" ಅಂದ್ರು. ಹಂಗ ಅಂದದ್ದು ಅದ ಮೊದಲು.

ಯಾಕ ನಗ್ತಿ?

ನಗಲಿಲ್ಲಾ? ತುಟಿ ಅಳ್ಳಾಡಿದಂಗ ಆತು. ಕತ್ತಲಿ ಐತಿ ಇಲ್ಲೆ, ಸರಿ ಕಾಣಸೂದಿಲ್ಲ.

ಅದ… ಆ "ಆಗಾಗ" ಅನ್ನೂದ ಕೆಲಸ ಕೆಡಿಸಿದ್ದು. ಬಾಯಾಗಿಂದ ಜಾರಿ ಬಿತ್ತೋ, ದೇವರಾಣಿ. "ಸೆಲ್ಡಮ್" ಅನ್ನಬೇಕಾಗಿತ್ತು. ಗಡಿಬಿಡಿ. ಎದುರಿಗಿ ಸಾಹೇಬ, ಹಿಂದ ಸಿಪಾಯಿಗಳು, ಮೇಜಿನ ಮ್ಯಾಲೆ ಆ ಕತ್ತಿ… ನೀನ ಹೇಳು, ಯಾವ ಮಾತು ಬಾಯಿಗಿ ಬರತೈತಿ ಅನ್ನೂದು ಮನಷ್ಯಾನ ಕೈಯಾಗ ಇರತೈತೇನು?

ನರಗುಂದದವರು ಸರಕಾರದ ಮ್ಯಾಲೆ ಎದ್ದ ಗದ್ದಲಾ ಮುಗದು ತಿಂಗಳ ಮ್ಯಾಲಾತು, ಇವರ ಸಿಟ್ಟು ಇನ್ನೂ ಇಳದಿಲ್ಲ. ಕುಲುಮಿ ಕಂಡಲ್ಲೆ ನಿಲ್ತಾರ, ಇದ್ದಲಿ ಕೆದರ್ತಾರ. ಗಜೇಂದ್ರಗಡದ ಸಂತ್ಯಾಗ ಕುಡಗೋಲ ಮಾರವರ್ನೂ ಹಿಡದು ಕೇಳಾಕತ್ತಾರ, ಈ ಕಬ್ಬಿಣ ಎಲ್ಲಿದು ಅಂತ. ಇಂಥಾದ್ರಾಗ ಜಕ್ಕಲಿ ಕಂಬಾರನ ಕುಲುಮಿಗಿ ಆಗಾಗ ಕತ್ತಿ ಬರ್ತಾವು ಅಂದ್ರ ಅವರು ಏನ ತಿಳಕೋಬೇಕು? ಈ ನೀಲಪ್ಪನ ನರಗುಂದದವರಿಗಿ ಕತ್ತಿ ಮಸದು ಕೊಟ್ಟವ ಅಂತ. ವರ್ಷಕ್ಕೊಮ್ಮೆ ಅಂದಿದ್ರ ಛಡಿ ಹೊಡದು ಬಿಡ್ತಿದ್ರು. ಈಗ… ಈಗ ನೋಡು…

ಅದನ್ನ ನನ್ನ ಬಾಯಿಲೆ ಹೇಳಸಬ್ಯಾಡ. ನರಗುಂದದ ಅಗಸಿ ಮುಂದ ಯಾರ್ಯಾರನ್ನ ತೂಗಹಾಕಿದ್ರು, ನೀನೂ ಕೇಳಿದಿ.

ಏನದು? ಬೇಡಿ ಯಾಕ ಹಂಗ ತಿರುವ್ಯಾಡಿ ನೋಡ್ತಿ? ಬೆಸಿಗಿ ಸರಿ ಕೂತಿಲ್ಲ ಅಂತೇನು? ಹೇ ಹೇ… ಎಲ್ಲಿ ಕೂತರೂ ಕಂಬಾರನ ಬುದ್ಧಿ ಬಿಡಂಗಿಲ್ಲ ನೀನು. ಬೇಡಿ ಬಡದ ಆ ರೋಣದ ಕಂಬಾರಗ ಬೆಂಕಿ ಹದಾ ಗೊತ್ತಿಲ್ಲ ಅಂತ ನೀನ ಅಂತಿದ್ದೆಲ್ಲ, ಹೌದು… ಕೈ ಕೆತ್ತೇತೇನೋ ಅದು? ತಾ ಇಲ್ಲೆ. ಕೊಬ್ಬರಿ ಎಣ್ಣಿ ತರಸ್ತೀನಿ ಕಾಶೀಂಸಾಬನ ಕಡಿಯಿಂದ.

ಯಾಕ ಕೈ ಹಿಂದ ತಗೊಂಡಿ? ನಾ ಮುಟ್ಟಬಾರದೇನು?

ಇರಲಿ.

ಗುಡ್ಡವ್ವ ಬಂದಿದ್ಲು ಮುಂಜಾನೆ. ನಿನ್ನ ಹೇಣ್ತಿ ಬರಿಗಾಲಲೆ ಜಕ್ಕಲಿಯಿಂದ ನಡಕೊಂಡ ಬಂದಾಳ, ಸೆರಗಿನ ತುದಿ ಬಾಯಾಗ ಇಟಗೊಂಡು ನನ್ನ ಡೇರೇದ ಹಗ್ಗದ ಬಾಜೂಕ ನಿಂತಿದ್ಲು. ಅಳಲಿಲ್ಲ ಆಕಿ. ಅತ್ತಿದ್ರ ಚಲೋ ಆಗ್ತಿತ್ತು. ಏನಂದ್ಲು ಗೊತ್ತೇನು? "ನೀವು ಅದೀರಲ್ಲರಿ ಅಂದಾನೆಪ್ಪಾರ, ಇಂಗ್ಲೀಷ ಬಲ್ಲವ್ರು. ನಮ್ಮ ಪುಣ್ಯಾ. ಬ್ಯಾರೆ ಯಾರರ ಇದ್ರ ನಮ್ಮ ಮಾತು ಸಾಹೇಬಗ ಹ್ಯಾಂಗ ಮುಟ್ಟತಿತ್ತು?" ಪುಣ್ಯಾ ಅಂತ! ನನ್ನ ಕಾಲಿಗಿ ಬೀಳಾಕ ಬಂದ್ಲು. ನಾ ಹಿಂದ ಸರದೆ… ಸರದು ಸರದು ಗೂಟಕ್ಕ ಎಡವಿದ್ನಿ.  ಆಕಿ ಹೋಗೂ ತನಕಾ ಡೇರೇದ ಒಳಗ ಅಡಗಿ ಕುಂತ್ನಿ.

ಇದೆಲ್ಲಾ ಆಗಬಾರದಿತ್ತು. ಒಂದ ದಿನ ಹಿಂದ ಮುಂದ ಆಗಿದ್ರ ಏನೂ ಆಗ್ತಿರಲಿಲ್ಲ. ಮಣ್ಣೆತ್ತಿನ ಅಮಾಸಿ ದಿನಾನ ಬರಬೇಕೇನು ಆ ಸಿಪಾಯಿಗಳು? ಬ್ಯಾರೆ ದಿನ ಬಂದಿದ್ರ ಕುಲುಮ್ಯಾಗ ಬೆಂಕಿ ಇರ್ತಿತ್ತು, ಕತ್ತಿ ಕುಡಗೋಲ ಆಗಿ ಹೋಗಿರ್ತಿತ್ತು. ಅಮಾಸಿಗಿ ನೀವು ಕಂಬಾರರು ತಿದಿ ಒತ್ತಂಗಿಲ್ಲ, ಬೆಂಕಿ ಮಾಡಂಗಿಲ್ಲ. ಕಬ್ಬಿಣ ಬಡಿಯೂ ಅಡಿಗಲ್ಲ ತೊಳದು, ವಿಭೂತಿ ಹಚ್ಚಿ, ಮಣ್ಣಿನ ಎತ್ತು ಅದರ ಮುಂದ ಇಟ್ಟು, ಹೋಳಿಗಿ ಎಡಿ ಮಾಡಿ, ಸುಮ್ಕ ಕುಂತಿದ್ರಿ ಗಂಡಾ ಹೇಣ್ತಿ. ಅವರು ಬಂದು ಮಣ್ಣೆತ್ತು ತುಳದು ಒಳಗ ಹೊಕ್ಕರು. ಇದ್ದಲಿ ರಾಶ್ಯಾಗ ಕತ್ತಿ ಸಿಕ್ಕಿತು. ನಾ ಅದರ ಹಿಂದಿನ ದಿನಾನ ಬಡಕೊಂಡ್ನಿ ನಿನಗ, "ಇವತ್ತ ರಾತ್ರಿನ ಬಡದು ಮುರದು ಹಾಕೋ, ನಾಳೆ ಅನಬ್ಯಾಡ" ಅಂತ. ನೀ ಕೇಳಿದಿ? "ಹೊತ್ತು ಮುಳುಗಿದಮ್ಯಾಲೆ ಅಮಾಸಿ ಹಿಡಿತೈತಿ, ನಾಡದ ಮಾಡಿ ಕೊಡ್ತೀನಿ" ಅಂತ ಕತ್ತಿ ಒಳಗ ಇಟ್ಟಿ…

ಏನು?

ಯಾಕ ತಲಿ ಎತ್ತಿದಿ ಒಮ್ಮೆಲೆ?

ಹೌದು, ಅಂದ್ನಿ. ಅಂದ್ರೇನಾತು? ಕಾಶೀಂಸಾಬ ದೂರ ನಿಂತಾನ, ಅವಗ ಕೇಳಸೂದಿಲ್ಲ. ಇಲ್ಲೆ ಇರವರು ನೀನು ನಾನು. ಹೌದೋ, ನಂದ ಕತ್ತಿ. ಇದರಾಗ ಮುಚ್ಚೂದೇನೈತಿ ನಿನ್ನ ಮುಂದ? ನಾನ ತಂದ್ನಿ, ಕೌದ್ಯಾಗ ಸುತಗೊಂಡು. ನಮ್ಮಪ್ಪನ ಕತ್ತಿ, ಹಿತ್ತಾಳಿ ಹಿಡಕಿದು. ವರ್ಷಾ ಮಾನೌಮಿಗಿ ನಮ್ಮವ್ವ ಅದಕ್ಕ ಕುಂಕುಮ ಹಚ್ಚತಿದ್ಲು, ನೀನ ಅದನ್ನ ತಿಕ್ಕಿ ಕೊಡ್ತಿದ್ದಿ.

ನನ್ನ ಜಾಗಾದಾಗ ನಿಂತು ನೋಡು ಒಮ್ಮೆ. "ಮನ್ಯಾಗಿನ ಆಯುಧಾ ಎಲ್ಲಾ ತಂದು ಸರಕಾರಕ್ಕ ಒಪ್ಪಿಸ್ರಿ, ಒಪ್ಪಿಸದವರಿಗಿ ಕಡಕ್ ಶಿಕ್ಷಾ" ಅಂತ ಜಕ್ಕಲಿ ಚಾವಡ್ಯಾಗ ನಿಂತು ಓದಿದವ ಯಾರು? ನಾನು! ಇಂಗ್ಲೀಷನ್ಯಾಗ ಬಂದದ್ದನ್ನ ಕನ್ನಡಾ ಮಾಡಿ, ಗಂಟಲಾ ಹರಕೊಂಡು ಓದಿದ್ನಿ. ಜನ ತಂದು ತಂದು ಒಟ್ಟಿದ್ರು. ಭಲ್ಲೆ, ಬಾಕು, ತುಕ್ಕು ಹಿಡದ ಬಂದೂಕ… ಮುದುಕರು ಕಣ್ಣಾಗ ನೀರ ತಂದು ಇಟ್ಟು ಹ್ವಾದ್ರು. ನಾ ಅವರ ಹೆಸರ ಕೂಗ್ತಿದ್ನಿ. ನಮ್ಮ ಮನಿಗಿ ಬಂದ್ರ ಅವ್ವ ಅಡ್ಡ ನಿಂತ್ಲು. "ಅದು ನಿಮ್ಮಪ್ಪಂದು, ನಾ ಸತ್ತಮ್ಯಾಲೆ ಒಯ್ಯಿ" ಅಂದ್ಲು. ನಾ ಸುಮ್ಕಾದ್ನಿ. ಸಾಹೇಬರ ಕೈಕೆಳಗಿನವನ ಮನಿ ಯಾರು ಹೊಕ್ಕು ಹುಡುಕಿ ಝಡತಿ ಮಾಡ್ತಾರ ಅಂತ ಧೈರ್ಯ. ಆಮ್ಯಾಲೆ ನರಗುಂದದ್ದು ಆತು. ಎಲ್ಲಾರ ಮನಿ ಝಡತಿ ಅಂದ್ರು, ಗೌಡರ ಮನಿ ಸುದ್ದಾ. ಆಗ ನನಗ ನಿನ್ನ ನೆನಪಾತು.

ನಿನ್ನ ಕಡೆನ ಯಾಕ ತಂದ್ನಿ, ಗೊತ್ತೈತಿ ನಿನಗ. ಕುಲುಮಿಗಿ ಬಂದ ಕಬ್ಬಿಣ ಯಾರದು ಅಂತ ಇನ್ನೊಬ್ಬರಿಗಿ ಹೇಳಬಾರದು ಅಂತ ನಿಮ್ಮ ಮನಿತನದಾಗ ಕಟ್ಟ ಐತಿ. ಕೆಲಸಾ ಕಲ್ಯೂ ಮುಂದ ಅಡಿಗಲ್ಲ ಮುಟ್ಟಿ ಆಣಿ ಮಾಡ್ತೀರಿ. ಜಗಳಾಡಿದ ಅಣ್ಣ ತಮ್ಮ ಇಬ್ಬರೂ ನಿನ್ನ ಕಡೆನ ಕೊಡ್ಲಿ ಮಸಿಯಾಕ ತರ್ತಾರ, ಅವಂದು ಇವಗ ಹೇಳಿದ್ರ ಊರಾಗ ಹೆಣಾ ಬೀಳತಾವು ಅಂತ ನಿಮ್ಮಜ್ಜ ಹೇಳತಿದ್ದ. ಸಣ್ಣವರಿದ್ದಾಗ ನಾನೂ ನಿನ್ನ ಬಾಜೂಕ ಕುಂತು ಕೇಳೀನಿ. ನಗ್ತಿದ್ನಿ ಆಗ. "ಹೇಳಿದ್ರ ಅಡಿಗಲ್ಲ ಏನ ಮಾಡತೈತೋ, ಎದ್ದು ಬಂದು ಬಡೀತೈತೇನು?" ಅಂತ ನಿನ್ನ ಕಾಡತಿದ್ನಿ. ನೀ ನಗ್ತಿರಲಿಲ್ಲ.

ಅದನ್ನ ನಂಬಿಕೊಂಡ ಬಂದ್ನಿ. ನೀ ಹೇಳೂದಿಲ್ಲ ಅಂತ ಗೊತ್ತಿತ್ತು ನನಗ.

ಅದರಾಗ ತಪ್ಪೇನೈತಿ? ಊರೆಲ್ಲಾ ನಂಬತೈತಿ ನಿನ್ನ!

ನೋಡು, ಹೊತ್ತಾಗಾಕತ್ತೈತಿ. ಬಿಸಲು ಆ ಕಿಡಕಿ ದಾಟಿ ಹೋತು. ನಾ ಹೇಳೂದು ಇಷ್ಟ. ಸಾಹೇಬರು ಮತ್ತ ಕೇಳ್ತಾರ. ನೀ "ವರ್ಷಕ್ಕೊಮ್ಮೆ" ಅನ್ನು. ನಾ, "ಹುಜೂರ್, ನಿನ್ನೆ ನನ್ನದು ತಪ್ಪಾಗಿತ್ತು, ಆಗಾಗ ಅಲ್ಲ, ಅಪರೂಪಕ್ಕ" ಅಂತ ತಿದ್ದತೀನಿ. ಬೈತಾರ ನನಗ. ಬೈಸಿಕೋತೀನಿ. ನೌಕರಿ ಹ್ವಾದ್ರೂ ಹೋಗಲಿ, ಹೊಲಾ ಐತಿ, ಕುಂಟಿ ಹೊಡಕೊಂಡು ತಿಂತೀನಿ. ಆದ್ರ ಕತ್ತಿ ಯಾರದು ಅನ್ನೂದು ಬ್ಯಾಡ. ಅದು ಹಂಗ ಇರಲಿ. ಇಂಗ್ಲೀಷನ್ಯಾಗ ಅದೊಂದು ಅನುಕೂಲ ಐತಿ, ಕೇಳು. "ತರಲಾಗುವ ಕತ್ತಿ" ಅಂದ್ರ ಸಾಕು, ತಂದವನ ಹೆಸರ ಹೇಳದನ ಮಾತು ಪೂರಾ ಆಗತೈತಿ. ಸಾಹೇಬರ ಕಾಗದಾ ತುಂಬ ಅಂಥಾವ ಇರ್ತಾವು. ಕೊಡಲಾಯಿತು, ಹಿಡಿಯಲಾಯಿತು, ಸುಡಲಾಯಿತು… ಯಾರು ಸುಟ್ರು? ಯಾರೂ ಇಲ್ಲ! ಯಾರಿಗೂ ಧಕ್ಕಿ ಇಲ್ಲ. ನಾ ನಿನ್ನೆ ಹಂಗ ಯಾಕ ಅಂದ್ನಿ ಅಂದ್ರ…

ನಿನಗೂ ಚಲೋ ಆಗಲಿ ಅಂತ ಅಂದ್ನಿ. ನಂಬಂಗಿಲ್ಲೇನು?

ನಾ ಸುಳ್ಳ ಹುಟ್ಟಸಲಿಲ್ಲೋ. ನೀ ಅಂದದ್ದನ್ನ ತಿರುವಿದ್ನಿ. "ಜನ ತರ್ತಾರ್ರಿ" ಅಂತ ನೀ ಅಂದಿ, ನಾ "ಆಗಾಗ" ಅಂತ ಒಂದು ಮಾತು ಸೇರಿಸಿದ್ನಿ, ಇಂಗ್ಲೀಷಿಗಿ ಬೇಕಾಗತೈತಿ ಅಂತ. ಅಷ್ಟ. ಹೌದಿಲ್ಲೊ? ನೀ ಅಂದಿಲ್ಲ, "ಜನ ತರ್ತಾರ್ರಿ" ಅಂತ?

ಅಂದಿ. ಸಣ್ಣ ದನೀಲೆ ಅಂದಿ.

ಹೌದನ್ನೋ.

ಗೋಣರ ಹಾಕೋ ಮಾರಾಯ. ಇಷ್ಟಕ್ಕ ಏನ ಖರ್ಚಾಗತೈತಿ ನಿನಗ? ಹೌದು ಅಂತ ಗೋಣ ಹಾಕಿದ್ರ ನಾ ಹೊರಗ ಹೋಗಿ ಎರಡು ತುತ್ತು ಉಣ್ತೀನಿ. ನಿನ್ನೆಯಿಂದ ಉಂಡಿಲ್ಲ ನಾ.

ನೀಲಪ್ಪ…

ಬ್ಯಾಡೋ. ಹಿಂಗ ನನ್ನ ಮಾರಿ ನೋಡಕೋತ ಕುಂದರಬ್ಯಾಡ. ನಿನ್ನೆನೂ ಹಿಂಗ ಮಾಡಿದಿ. ಸಾಹೇಬರು ಕತ್ತಿ ಎತ್ತಿ ಕೇಳಿದ್ರು, ಇದು ಯಾರದು ಅಂತ. ನಾ ಅದನ್ನ ಕನ್ನಡಾ ಮಾಡಿ ನಿನ್ನ ಕೇಳಬೇಕಾತು. ನಾನ! ನಮ್ಮಪ್ಪನ ಕತ್ತಿ ತೋರಿಸಿ, "ಕಂಬಾರ ನೀಲಪ್ಪ, ಇದು ಯಾರದು?" ಅಂತ ನಾನ ಕೇಳಿದ್ನಿ. ದನಿ ಸುದ್ದಾ ನಡಗಲಿಲ್ಲ ನಂದು, ಅದಕ್ಕ ಈಗ ಹೇಸಿಕಿ ಬರತೈತಿ. ನೀ ನನ್ನ ಮಾರಿ ನೋಡಿದಿ. ಬರೇ ನೋಡಿದಿ. ಮತ್ತ ಕೇಳಿದ್ನಿ. ಮತ್ತ ನೋಡಿದಿ. "ಏನಂದ ಅವ?" ಅಂತ ಸಾಹೇಬರು ಕೇಳಿದ್ರು.

ನೀ ಏನೂ ಅಂದಿರಲಿಲ್ಲ.

ತುಟಿ ಬಿಚ್ಚಲಿಲ್ಲ ನೀನು. "ಏನೂ ಅನ್ನವಲ್ಲ ಹುಜೂರ್" ಅಂದಿದ್ರ ಮುಗೀತಿತ್ತು. ಆದ್ರ ಸುಮ್ಕಿದ್ದವನ್ನ ಬಡೀತಾರ, ನೀಲಪ್ಪ, ಬಡದು ಬಾಯಿ ಬಿಡಸ್ತಾರ. ಬಡದ್ರ ನೀ ಎಲ್ಲಿ ನನ್ನ ಹೆಸರ ಅಂದೀಯೋ ಅಂತ… ಅಂಜಿಕಿ ಬಂತು ನನಗ. ನಿನ್ನ ಆಣಿ ಮ್ಯಾಲಿನ ನಂಬಿಕಿ ಅಷ್ಟರಾಗ ಹಾರಿ ಹೋತು. ಅದಕ್ಕ ನಾನ ನಿನ್ನ ಬಾಯಿ ಆದ್ನಿ. "ಅವನ ಕುಲುಮಿಗಿ ಆಗಾಗ ತರಲಾಗುವ ಕತ್ತಿಗಳೊಳಗ ಇದೊಂದು, ಯಾರದಂತ ಅವಗ ನೆನಪಿಲ್ಲ ಅಂತಾನ ಹುಜೂರ್" ಅಂದ್ನಿ. ಜಾರಿ ಬೀಳಲಿಲ್ಲ ಅದು. ಬೇಕಂತನ ಅಂದ್ನಿ. ಆಗಾಗ ಅಂದ್ರ ಕತ್ತಿ ಭಾಳ ಆಗ್ತಾವು, ಭಾಳ ಆದ್ರ ಒಂದರ ವಾರಸದಾರನ್ನ ಯಾರು ಹುಡುಕ್ತಾರ? ಅಷ್ಟ ನನ್ನ ಲೆಕ್ಕಾಚಾರ. ಅದು ನಿನ್ನ ಕೊಳ್ಳಿಗಿ ಬೀಳತೈತಿ ಅಂತ… ಅಂತ ಗೊತ್ತಿರಲಿಲ್ಲ ಅಂದ್ರ ಅದೂ ಸುಳ್ಳಾಗತೈತಿ. ಅರ್ಧಾ ಗೊತ್ತಿತ್ತು.

ಸಾಹೇಬರು "ಚಲೋ ಇಂಗ್ಲೀಷ" ಅಂದದ್ದು ಅದಕ್ಕ.

ಯಾರು, ಕಾಶೀಂಸಾಬ? ಎದ್ರಾ? ಬಂದೆ! ಬಂದೆವು ಅಂತ ಹೇಳ್ರಿ… ಒಂದ ಚೂರು ನಿಂದರ್ರಿ, ಎಬ್ಬಸ್ತೀನಿ ಇವನ್ನ.

ಏಳು ನೀಲಪ್ಪ. ಗ್ವಾಡಿ ಹಿಡಕೋ, ಬೇಡಿ ಭಾರ ಐತಿ. ನೋಡು, ಅವರು ಮತ್ತ ಅದನ್ನ ಕೇಳ್ತಾರ, ನಾ ಮತ್ತ ನಿನ್ನ ಕೇಳಬೇಕು. ಈ ಸಲ ಏನರ ಅನ್ನು. ಅಡಿಗಲ್ಲಿನ ಆಣಿ ಸುಡಗಾಡಿಗಿ ಹೋಗಲಿ. ನನ್ನ ಮಾರಿಗಿ ಉಗಳು, ಬೈ, "ಈ ಅಂದಾನೆಪ್ಪಂದ ಕತ್ತಿ" ಅನ್ನು! ಎಲ್ಲಾರ ಮುಂದ ನೀ ಅಂದಿ ಅಂದ್ರ ನಾ ತಿರುವಿ ಹೇಳಲೇಬೇಕಾಗತೈತಿ, ಹೇಳ್ತೀನಿ, ನಮ್ಮವ್ವನ ಆಣಿ, ಒಂದ ಮಾತು ಆಕಡಿ ಈಕಡಿ ಮಾಡೂದಿಲ್ಲ. ನೀ ಅನ್ನದ ಇದ್ರ ಅದನ್ನ ನಾನ, ನನ್ನ ಸ್ವಂತ ಬಾಯಿಲೆ ಅನ್ನಬೇಕು. ಅಷ್ಟು ಎದಿ ನನಗಿಲ್ಲೋ. ಇಲ್ಲಂತ ನಿನಗ ಗೊತ್ತೈತಿ. ಗೊತ್ತಿದ್ದೂ ಸುಮ್ಕ ನಿಂತೀಯಲ್ಲೋ!